ಲೇತ್, ಸೋಲ್ಡರಿಂಗ್, ತ್ರೀಡಿ ಪ್ರಿಂಟ್: ಕಾಸರಗೋಡಿನಲ್ಲಿ ಜತೆಗಾರರನ್ನು ಹುಡುಕುವ ಬಗೆ

ಬದಿಯಡ್ಕ ಪೇಟೆಯಲ್ಲಿ ನಿಂತು "ಇಲ್ಲಿ ಮೇಕರ್‌ಗಳು ಯಾರಾದರೂ ಇದ್ದಾರಾ" ಎಂದು ಕೇಳಿದರೆ ಜನ ನಿಮ್ಮ ಮುಖ ನೋಡಿಯಾರು. "ಅಡಿಕೆ ಸುಲಿಯುವ ಮೆಷಿನನ್ನು ಮನೆಯಲ್ಲೇ ತಿದ್ದಿಕೊಂಡವರು ಯಾರಿದ್ದಾರೆ" ಎಂದು ಕೇಳಿ ನೋಡಿ. ಚಾಯ ತಣಿಯುವ ಮೊದಲು ಎರಡು ಹೆಸರು, ಒಂದು ಮನೆಯ ದಾರಿ ಸಿಗುತ್ತದೆ. ಭಾಗಗಳನ್ನು ತಾವೇ ತಯಾರಿಸುವ, ಮಾದರಿ ಕಟ್ಟಿ ನೋಡುವ ಹುಚ್ಚಿನವರು ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಕಡಿಮೆಯೇನಿಲ್ಲ. ಪಂಪ್ ರಿಪೇರಿಯವ, ಗ್ರಿಲ್ ಕೆಲಸದವ, ಶಾಲೆಯ ಐಟಿ ಮಾಷ್ಟ್ರು, ಗಲ್ಫಿನಿಂದ ಮರಳಿದ ಫ್ಯಾಬ್ರಿಕೇಟರ್, ಯಕ್ಷಗಾನದ ಕಿರೀಟ ಕಟ್ಟುವವರು, ಇಂಜಿನಿಯರಿಂಗ್ ಮೂರನೇ ವರ್ಷದ ಹುಡುಗಿ, ಎಲ್ಲರೂ ಒಂದೊಂದು ಮೂಲೆಯಲ್ಲಿ ಕುಳಿತು ಅದನ್ನೇ ಮಾಡುತ್ತಿರುತ್ತಾರೆ. ಹವ್ಯಾಸದ ಹೆಸರು ಹೇಳಿ ಹುಡುಕಿದರೆ ಅವರು ಸಿಗುವುದಿಲ್ಲ, ಕೆಲಸದ ಹೆಸರು ಹೇಳಿದರೆ ಸಿಗುತ್ತಾರೆ.

ಮೊದಲು ಒಂದು ಅರೆಬರೆ ವಸ್ತು

ಬರಿಗೈಯಲ್ಲಿ ಹೋಗಿ "ನನಗೂ ಆಸಕ್ತಿ ಇದೆ" ಎಂದರೆ ಮಾತು ಐದು ನಿಮಿಷಕ್ಕೆ ಮುಗಿಯುತ್ತದೆ. ಅರ್ಧಕ್ಕೆ ನಿಂತ ಒಂದು ವಸ್ತು ಕೈಯಲ್ಲಿರಲಿ. ಚೆನ್ನಾಗಿ ಓಡುವುದನ್ನು ತೋರಿಸಿದರೆ ಜನ ಹೊಗಳಿ ಹೋಗುತ್ತಾರೆ. ಕೈಕೊಟ್ಟದ್ದನ್ನು ತೋರಿಸಿದರೆ ತಿರುಗಿಸಿ ತಿರುಗಿಸಿ ನೋಡುತ್ತಾರೆ, ಜೇಬಿನಿಂದ ಟೆಸ್ಟರ್ ಹೊರಬರುತ್ತದೆ.

ಆ ವಸ್ತು ಒಂದು ಕೈಚೀಲದಲ್ಲಿ ಹಿಡಿಸಬೇಕು, ಬ್ಯಾಟರಿಯಲ್ಲೇ ತೋರಿಸುವಂತಿರಬೇಕು, ಜತೆಗೆ ಒಂದೇ ಒಂದು ಗಟ್ಟಿ ಪ್ರಶ್ನೆ ಇರಬೇಕು. "ಇದ್ಯಾಕೋ ಸರಿಯಾಗುತ್ತಿಲ್ಲ" ಎಂದರೆ ಯಾರಿಗೂ ಹಿಡಿತ ಸಿಗದು. "ಈ ಪುಲ್ಲಿ ಪಿಎಲ್‌ಎಯಲ್ಲಿ ಪ್ರಿಂಟ್ ಮಾಡಿದ್ದು, ತಗಡಿನ ಮಾಡಿನ ಅಡಿ ಬಿಸಿಗೆ ಸೊಟ್ಟಗಾಯಿತು, ನೈಲಾನ್ ರಾಡಿನಲ್ಲಿ ಲೇತ್ ಹಿಡಿಸಿದರೆ ಎಷ್ಟಾದೀತು" ಎಂದು ಕೇಳಿದರೆ ಲೇತಿನವನಿಗೂ ಪ್ರಿಂಟರ್ ಇದ್ದವನಿಗೂ ಹೇಳಲು ಮಾತಿರುತ್ತದೆ. ಪಿಎಲ್‌ಎ 60 ಡಿಗ್ರಿ ಸೆಲ್ಸಿಯಸ್ ಹತ್ತಿರ ಮೆತ್ತಗಾಗುವ ಪ್ಲಾಸ್ಟಿಕ್. ಬೇಸಿಗೆಯ ಮಧ್ಯಾಹ್ನ ತಗಡಿನ ಅಡಿಯಲ್ಲೋ ಮುಚ್ಚಿದ ಕಾರಿನೊಳಗೋ ಭಾರ ಹೊತ್ತ ತುಂಡು ಬಾಗಲು ಅಷ್ಟು ಬಿಸಿ ಸಾಕು.

ಲೇತ್ ಅಂಗಡಿ: ಊರಿನ ವಿಳಾಸ ಪುಸ್ತಕ

ಹುಡುಕಾಟವನ್ನು ಲೇತ್ (ಲೋಹ ಕಡೆಯುವ ಯಂತ್ರ) ಅಥವಾ ವೆಲ್ಡಿಂಗ್ ಅಂಗಡಿಯಿಂದಲೇ ಶುರುಮಾಡಿ. ಕಾರಣ ಸರಳ: ಸುತ್ತಲಿನ ಹತ್ತು ಊರಿನಲ್ಲಿ ಏನೋ ಒಂದು ವಿಚಿತ್ರ ಕಟ್ಟುತ್ತಿರುವವರೆಲ್ಲ ಒಂದಲ್ಲ ಒಂದು ದಿನ ಅಲ್ಲಿ ಬುಷ್ (ಶಾಫ್ಟ್ ಕೂರುವ ಬಳೆ) ಮಾಡಿಸಲು ಬಂದೇ ಬಂದಿರುತ್ತಾರೆ. ಕುಂಬಳೆ, ಉಪ್ಪಳ, ಮುಳ್ಳೇರಿಯ ಪೇಟೆಗಳಲ್ಲಿ ಇಂಥ ಸಣ್ಣ ಅಂಗಡಿಗಳಿವೆ. ದೊಡ್ಡ ಕೆಲಸಕ್ಕೆ ವಿದ್ಯಾನಗರದ ಕೈಗಾರಿಕಾ ಎಸ್ಟೇಟ್, ಸೀತಾಂಗೋಳಿಯ ಕಿನ್‌ಫ್ರಾ ಪಾರ್ಕಿನ ಕಡೆ ವಿಚಾರಿಸಬಹುದು.

ಬೆಳಗ್ಗೆ ಹೋಗಬೇಡಿ, ಆಗ ಕಾಂಟ್ರಾಕ್ಟಿನವರ ಗೇಟು, ಗ್ರಿಲ್ ಸಾಲುಗಟ್ಟಿರುತ್ತವೆ. ಊಟವಾದ ಮೇಲೆ ಎರಡೂವರೆಯಿಂದ ನಾಲ್ಕರವರೆಗೆ ಮಾತಿಗೆ ಸಮಯ ಸಿಗುತ್ತದೆ. ಮೇ ಕೊನೆಯಿಂದ ಜೂನ್ ನಡುವಿನವರೆಗೆ ಅಲ್ಲಿಗೆ ಹೋಗದಿದ್ದರೇ ಒಳ್ಳೆಯದು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡುವ ಹೊತ್ತು, ಅಂಗಡಿ ತುಂಬ ಸ್ಪ್ರೇಯರ್ ಪಂಪುಗಳು. ಕರೆಯುವಾಗ ಅಣ್ಣ, ಚೇಟ, ಇಚ್ಚ, ಎದುರಿಗಿರುವವರಿಗೆ ಒಪ್ಪುವುದನ್ನು ಬಳಸಿ. "ಸಾರ್" ಅಂದರೆ ನೀವು ಆಫೀಸಿನಿಂದ ತಪಾಸಣೆಗೆ ಬಂದವರೆಂದು ಅನುಮಾನ ಬಂದೀತು.

ಫೋನಿನಲ್ಲಿ ತ್ರೀಡಿ ಚಿತ್ರ ತಿರುಗಿಸಿ ತೋರಿಸಿದರೆ ಕೆಲಸ ತಪ್ಪುತ್ತದೆ. ಎ4 ಹಾಳೆಯಲ್ಲಿ ಮುಂದಿನಿಂದ, ಮೇಲಿನಿಂದ, ಬದಿಯಿಂದ ಮೂರು ನೋಟ ಬರೆದು ಅಳತೆ ಹಾಕಿ. ಯಾವ ಅಳತೆ ಕಟ್ಟುನಿಟ್ಟು, ಯಾವುದು ಹೆಚ್ಚುಕಡಿಮೆಯಾದರೂ ಆದೀತು ಎಂಬುದನ್ನು ಬೇರೆ ಬಣ್ಣದಲ್ಲಿ ಗುರುತಿಸಿ. ಇಲ್ಲಿ ಬಹಳ ಜನ ಎಡವುವುದು "ನೂಲಿ"ನಲ್ಲಿ. ಮರದ ಕೆಲಸದವರೂ ಕಬ್ಬಿಣದ ಕೆಲಸದವರೂ ಇಂಚಿನ ಎಂಟನೇ ಒಂದು ಭಾಗಕ್ಕೆ ನೂಲು ಎನ್ನುತ್ತಾರೆ. ನಾಲ್ಕು ನೂಲೆಂದರೆ ಅರ್ಧ ಇಂಚು, ಅಂದರೆ 12.7 ಮಿ.ಮೀ. ನೀವು 12 ಮಿ.ಮೀ. ಎಂದದ್ದನ್ನು ಬಾಯಿಮಾತಿನಲ್ಲಿ "ನಾಲ್ಕು ನೂಲು" ಎಂದು ದಾಟಿಸಿದರೆ ಶಾಫ್ಟ್ 0.7 ಮಿ.ಮೀ. ದಪ್ಪವಾಗಿ ಬರುತ್ತದೆ, ಬೇರಿಂಗಿಗೆ ಹೋಗುವುದೇ ಇಲ್ಲ. ಥ್ರೆಡ್ಡಿನಲ್ಲಿ ಇನ್ನೂ ಮೋಸ: ಎಂ12 ಬೋಲ್ಟಿನ ಪಿಚ್ (ಹಲ್ಲಿನಿಂದ ಹಲ್ಲಿಗಿರುವ ದೂರ) 1.75 ಮಿ.ಮೀ., ಹಳೆಯ ಅರ್ಧ ಇಂಚಿನ ವಿಟ್‌ವರ್ತ್ ಬೋಲ್ಟಿಗೆ ಇಂಚಿಗೆ 12 ಹಲ್ಲು. ನೋಡಲು ಅಣ್ಣತಮ್ಮಂದಿರ ಹಾಗಿದ್ದರೂ ಒಂದರ ನಟ್ಟು ಇನ್ನೊಂದರ ಮೇಲೆ ಕೂರದು.

ಹಾಗಾಗಿ ಕೂರಬೇಕಾದ ವಸ್ತುವನ್ನೇ ಕೊಂಡುಹೋಗಿ ಕೊಡಿ. 6202 ಬೇರಿಂಗ್ (ಒಳಗೆ 15, ಹೊರಗೆ 35, ಅಗಲ 11 ಮಿ.ಮೀ.) ಕೂರಬೇಕಿದ್ದರೆ ಬೇರಿಂಗನ್ನು ಅವರ ಮೇಜಿನ ಮೇಲಿಟ್ಟು "ಇದು ಸುತ್ತಿಗೆಯ ಮೆಲ್ಲನೆ ಏಟಿಗೆ ಹೋಗಬೇಕು, ಕೈಯಲ್ಲಿ ತಳ್ಳಿದರೆ ಹೋಗಬಾರದು" ಎನ್ನಿ. ಸೂಕ್ಷ್ಮ ಅಳತೆಯನ್ನು ಬಾಯಲ್ಲಿ ಹೇಳುವುದಕ್ಕಿಂತ ಈ ಮಾತು ಮೇಲು.

ಮೊದಲ ಕೆಲಸಕ್ಕೆ ಚೌಕಾಸಿ ಮಾಡಬೇಡಿ. ಹಣ ಕೊಟ್ಟು ಹೊರಡುವಾಗ ಕೇಳಬೇಕಾದ ಪ್ರಶ್ನೆ: "ಇಂಥ ಸಣ್ಣ ಸಣ್ಣ ಕೆಲಸ ಹಿಡಿದುಕೊಂಡು ಬರುವವರು ಬೇರೆ ಯಾರಿದ್ದಾರೆ?" ಫೋನ್ ನಂಬರ್ ಕೇಳಬೇಡಿ. ನಿಮ್ಮ ನಂಬರನ್ನು ಒಂದು ಚೀಟಿಯಲ್ಲಿ ಬರೆದು, "ಅವರು ಬಂದಾಗ ಕೊಡಿ" ಎಂದು ಬಿಟ್ಟುಬನ್ನಿ. ಬೇರೆಯವರ ನಂಬರ್ ಕೊಡಲು ಯಾರಿಗೂ ಮುಜುಗರ, ಚೀಟಿ ದಾಟಿಸಲು ಯಾರಿಗೂ ಇಲ್ಲ. ಮೂರು ಅಂಗಡಿಗಳಲ್ಲಿ ಹೀಗೆ ಚೀಟಿ ಬಿಟ್ಟರೆ ಒಂದೆರಡು ತಿಂಗಳಲ್ಲಿ ಒಂದಾದರೂ ಕರೆ ಬರುತ್ತದೆ.

ಮೋಟಾರು ರಿವೈಂಡಿಂಗ್ ಅಂಗಡಿಗಳಿಗೂ ಇದೇ ಕ್ರಮ. ಅಲ್ಲಿ ಬರುವವರು ತುಸು ಬೇರೆ ಬಗೆಯವರು: ಪಂಪಿಗೆ ಆಟೋ ಸ್ಟಾರ್ಟರ್, ಟಾಂಕಿ ತುಂಬಿದರೆ ನಿಲ್ಲುವ ಸ್ವಿಚ್ ಕಟ್ಟುವ ಎಲೆಕ್ಟ್ರಾನಿಕ್ಸ್ ಮಂದಿ.

ಶಾಲೆ, ಕಾಲೇಜು, ಲ್ಯಾಬು

ಉಪಕರಣ ಬೀಗದೊಳಗಿರುವ ಜಾಗಗಳು ಇವು. ನೀತಿ ಆಯೋಗದ ಅಟಲ್ ಇನೊವೇಶನ್ ಮಿಷನ್ 2016ರಿಂದ ಶಾಲೆಗಳಿಗೆ ಟಿಂಕರಿಂಗ್ ಲ್ಯಾಬ್ ಕೊಡುತ್ತ ಬಂದಿದೆ. ಆಯ್ಕೆಯಾದ ಶಾಲೆಗೆ ಒಟ್ಟು 20 ಲಕ್ಷ ರೂಪಾಯಿವರೆಗೆ ಅನುದಾನ, 6ರಿಂದ 12ನೇ ತರಗತಿಯವರಿಗೆ ತ್ರೀಡಿ ಪ್ರಿಂಟರ್, ಸೆನ್ಸರ್, ಕೈ ಉಪಕರಣಗಳು. ಕೇರಳದಲ್ಲಿ ಇದರ ಜತೆಗೆ ಲಿಟಲ್ ಕೈಟ್ಸ್ ಎಂಬ ಐಟಿ ಕ್ಲಬ್ಬುಗಳು ಹೈಸ್ಕೂಲುಗಳಲ್ಲಿವೆ, ಆರ್ಡುಯಿನೊ (ಪ್ರೋಗ್ರಾಂ ಬರೆದು ನಡೆಸುವ ಸಣ್ಣ ಬೋರ್ಡ್) ಕಿಟ್ಟುಗಳೂ ಶಾಲೆಗಳಿಗೆ ಬಂದಿವೆ. ನಿಮ್ಮ ಹತ್ತಿರದ ಶಾಲೆಯಲ್ಲಿ ಇವುಗಳ ಹೊಣೆ ಯಾವ ಮಾಷ್ಟ್ರದ್ದು, ಟೀಚರದ್ದು ಎಂದು ಆಫೀಸಿನಲ್ಲಿ ವಿಚಾರಿಸಿ.

"ನಿಮ್ಮ ಪ್ರಿಂಟರ್ ಬಳಸಬಹುದಾ" ಎಂದು ಶುರುಮಾಡಿದರೆ ಉತ್ತರ ಇಲ್ಲ ಎಂದೇ. ಅದು ಸರ್ಕಾರದ ಸೊತ್ತು, ಸ್ಟಾಕ್ ರಿಜಿಸ್ಟರಿನಲ್ಲಿದೆ, ಹಾಳಾದರೆ ಅವರ ತಲೆಗೆ. "ಪ್ರಿಂಟರಿನ ನಾಝಲ್ ಕಟ್ಟಿದ್ದರೆ ಬಿಡಿಸಿಕೊಡುತ್ತೇನೆ, ಮಕ್ಕಳಿಗೆ ಒಂದು ಶನಿವಾರ ಸೋಲ್ಡರಿಂಗ್ ಹೇಳಿಕೊಡುತ್ತೇನೆ" ಎಂದು ಹೋಗಿ. ಶಾಲೆಗಳಲ್ಲಿ ಪ್ರಿಂಟರ್ ನಿಂತು ಹೋಗಿದ್ದರೆ ಕಾರಣ ಹೆಚ್ಚಾಗಿ ಮೂರರಲ್ಲೊಂದು: ರಜೆಯಲ್ಲಿ ತೇವ ಹೀರಿ ತುಂಡಾಗುವ ಫಿಲಮೆಂಟ್ (ಪ್ಲಾಸ್ಟಿಕ್ ತಂತು), ಕಟ್ಟಿದ 0.4 ಮಿ.ಮೀ. ನಾಝಲ್ (ಪ್ಲಾಸ್ಟಿಕ್ ಹೊರಬರುವ ಬಾಯಿ), ಸಮತಟ್ಟು ತಪ್ಪಿದ ಬೆಡ್ (ತುಂಡು ಕೂರುವ ಹಲಗೆ). ಮೂರೂ ಒಂದು ಮಧ್ಯಾಹ್ನದ ಕೆಲಸ. ಮಕ್ಕಳೊಡನೆ ಕೆಲಸ ಮಾಡುವಾಗ ಶಾಲೆಯವರೊಬ್ಬರು ಕೋಣೆಯಲ್ಲಿ ಇರಲೇಬೇಕು, ಹೆಡ್‌ಮಾಸ್ಟರರ ಲಿಖಿತ ಒಪ್ಪಿಗೆ ಬೇಕು. ಇದರಲ್ಲಿ ಸಲಿಗೆ ಬೇಡ.

ಕಾಲೇಜು ಮಟ್ಟದಲ್ಲಿ ಪೊವ್ವಲಿನ ಎಲ್‌ಬಿಎಸ್ ಇಂಜಿನಿಯರಿಂಗ್ ಕಾಲೇಜು ಜಿಲ್ಲೆಯೊಳಗೇ ಇದೆ. ಗಡಿ ದಾಟಿದರೆ ಪುತ್ತೂರು, ಸುಳ್ಯ, ಸುರತ್ಕಲ್. ಅಂತಿಮ ವರ್ಷದವರು ಪ್ರಾಜೆಕ್ಟಿಗೆ ವಿಷಯ ಹುಡುಕುವ ಹೊತ್ತು, ಅಂದರೆ ಜುಲೈ-ಆಗಸ್ಟ್, ಒಂದು ನೈಜ ಸಮಸ್ಯೆ ಹಿಡಿದು ಹೋದರೆ ಬಾಗಿಲು ತಾನೇ ತೆರೆಯುತ್ತದೆ. ಫೆಬ್ರವರಿಯಲ್ಲಿ ಹೋದರೆ ಎಲ್ಲರೂ ವರದಿ ಬರೆಯುವುದರಲ್ಲಿರುತ್ತಾರೆ.

ಲೇಸರ್ ಕಟ್ಟರ್, ದೊಡ್ಡ ಸಿಎನ್‌ಸಿ ರೂಟರ್ ಬೇಕೇ ಬೇಕಾದರೆ ಕೊಚ್ಚಿಯ ಕಳಮಶ್ಶೇರಿಯಲ್ಲೂ ತಿರುವನಂತಪುರದಲ್ಲೂ ಕೇರಳ ಸ್ಟಾರ್ಟಪ್ ಮಿಷನ್ನಿನ ಫ್ಯಾಬ್ ಲ್ಯಾಬ್‌ಗಳಿವೆ. ಫ್ಯಾಬ್ ಲ್ಯಾಬ್ (ಹಲವರು ಬಂದು ಬಳಸುವ ತಯಾರಿಕಾ ಪ್ರಯೋಗಾಲಯ) ಎಂದರೆ ನಗರದವರ ಸಂಗತಿ ಎಂದುಕೊಳ್ಳಬೇಕಿಲ್ಲ: ಅಮೆರಿಕದ ಎಂಐಟಿಯಲ್ಲಿ ಹುಟ್ಟಿದ ಈ ಕಲ್ಪನೆ 2002ರಲ್ಲಿ ಮೊದಮೊದಲು ಹೊರಗೆ ಬೇರೂರಿದ ಜಾಗಗಳಲ್ಲೊಂದು ಪುಣೆ ಜಿಲ್ಲೆಯ ಪಾಬಳ ಎಂಬ ಹಳ್ಳಿಯ ವಿಜ್ಞಾನ ಆಶ್ರಮ. ಲ್ಯಾಬಿಗೆ ಹೋಗುವ ಮುಂಚೆ ಫೈಲ್ ಸಿದ್ಧ ಮಾಡಿಕೊಳ್ಳಿ. ಲೇಸರಿಗೆ ಡಿಎಕ್ಸ್ಎಫ್ ಎಂಬ ಬಗೆಯ ಚಿತ್ರದ ಫೈಲ್, ಯೂನಿಟ್ ಮಿ.ಮೀ. ಎಂದು ಖಚಿತಪಡಿಸಿ, ಇಂಚಿನಲ್ಲಿ ತೆರೆದುಕೊಂಡರೆ ತುಂಡು 25 ಪಟ್ಟು ದೊಡ್ಡದಾಗುತ್ತದೆ. ಪಿವಿಸಿ ಹಾಳೆಯನ್ನು ಯಾವ ಲ್ಯಾಬೂ ಲೇಸರಿಗೆ ಒಳಗೆ ಬಿಡದು. ಅದು ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ, ಶ್ವಾಸಕ್ಕೂ ಕೆಟ್ಟದ್ದು, ಮೆಷಿನಿನ ಲೋಹಕ್ಕೂ ಕೆಟ್ಟದ್ದು.

ತೋಟದವರು

ಈ ಗಡಿಯಲ್ಲಿ ನಿಜವಾದ ಮಾದರಿ ತಯಾರಿ ನಡೆದದ್ದು ತೋಟದಲ್ಲಿ. ತೆಂಗು ಹತ್ತುವ ಚೆಂಬೇರಿ ಮಾದರಿಯ ಸಾಧನ ಪಕ್ಕದ ಕಣ್ಣೂರು ಜಿಲ್ಲೆಯಲ್ಲಿ ಹುಟ್ಟಿದ್ದು. 2019ರಲ್ಲಿ ವಿಡಿಯೊ ದೇಶವೆಲ್ಲ ಹರಿದಾಡಿದ ಅಡಿಕೆ ಮರ ಏರುವ ಬೈಕ್ ಬಂಟ್ವಾಳ ತಾಲೂಕಿನ ಸಜೀಪಮೂಡದ ಗಣಪತಿ ಭಟ್ಟರದ್ದು. ಕೃಷಿಕರೊಬ್ಬರು ಇಂಜಿನಿಯರೊಬ್ಬರ ಜತೆ ಸೇರಿ ವರ್ಷಗಟ್ಟಲೆ ತಿದ್ದಿದ ಫಲ ಅದು. ನಿಮಗೆ ಬೇಕಾದದ್ದೂ ಇಂಥದೇ ಜೋಡಿ: ಸಮಸ್ಯೆಯನ್ನು ದಿನಾ ಅನುಭವಿಸುವವರು ಒಬ್ಬರು, ಅಳತೆ ಹಿಡಿದು ಚಿತ್ರ ಬರೆಯುವವರು ಒಬ್ಬರು.

ಇಂಥವರು ಗುಂಪಾಗಿ ಸಿಗುವುದು ಕೃಷಿ ಯಂತ್ರ ಮೇಳಗಳಲ್ಲಿ. ಪುತ್ತೂರಿನ ವಿವೇಕಾನಂದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಜತೆಗೂಡಿ ನಡೆಸುತ್ತ ಬಂದ ಯಂತ್ರ ಮೇಳ ಇದಕ್ಕೆ ಹೇಳಿ ಮಾಡಿಸಿದ್ದು. ಕಂಪನಿಗಳ ದೊಡ್ಡ ಮಳಿಗೆಗಳನ್ನು ಬೇಗ ದಾಟಿ, ಒಂದೇ ಮೆಷಿನ್ ಇಟ್ಟುಕೊಂಡು ಕುಳಿತ ಮೂಲೆಯ ಮಳಿಗೆಗಳಲ್ಲಿ ನಿಲ್ಲಿ. ಎರಡನೇ ದಿನ ಮಧ್ಯಾಹ್ನ ಮಾತಿಗೆ ಸರಿಯಾದ ಹೊತ್ತು; ಮೊದಲ ದಿನ ಉದ್ಘಾಟನೆಯ ಗಲಾಟೆ, ಕೊನೆಯ ದಿನ ಲಾರಿಗೆ ತುಂಬುವ ಅವಸರ. ಕಾಸರಗೋಡು ಕೂಡ್ಲಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯಲ್ಲಿ ತರಬೇತಿ, ಪ್ರದರ್ಶನಗಳಿದ್ದಾಗ ತೆಂಗು-ಅಡಿಕೆಯ ಸಾಧನ ಕಟ್ಟುವವರು ಬರುತ್ತಾರೆ. ಊರಮಟ್ಟದಲ್ಲಾದರೆ ಹಾಲಿನ ಸೊಸೈಟಿಯ ಬೆಳಗಿನ ಸಾಲು ಯಾವ ಮೇಳಕ್ಕೂ ಕಡಿಮೆಯಿಲ್ಲ.

ಹಗುರ ಮರ, ಬೇಗಡೆ, ತಂತಿ, ಫೋಮ್ ಇವುಗಳಲ್ಲಿ ಕೈ ಪಳಗಿದ ಯಕ್ಷಗಾನ ವೇಷಭೂಷಣದವರನ್ನೂ ಬೊಂಬೆಯಾಟದವರನ್ನೂ ಮರೆಯಬೇಡಿ. ಕೀಲು, ಹಗುರತನ, ಸಮತೋಲ ಇವರ ನಿತ್ಯದ ಲೆಕ್ಕ. ರೋಬೊ ಕೈ ಕಟ್ಟುವ ಹುಡುಗರು ತಿಂಗಳುಗಟ್ಟಲೆ ತಡಕಾಡುವ ಸಂಗತಿಯನ್ನು ಇವರು ಒಂದು ದಾರದಲ್ಲಿ ತೋರಿಸಿಬಿಡುತ್ತಾರೆ.

ಚೀಟಿ ಬರೆಯುವುದು

ನಾಲ್ಕೈದು ಹೆಸರು ಸಿಕ್ಕಿದ ಮೇಲೆ ಒಂದು ಜಾಗಕ್ಕೆ ಕರೆಯಬೇಕು. ಮನೆಗೆ ಕರೆದರೆ ಚಾಯ, ತಿಂಡಿ, ಉಪಚಾರವಾಗಿ ಕೆಲಸ ಹಿಂದಾಗುತ್ತದೆ. ಊರಿನ ಗ್ರಂಥಾಲಯದ ಹಾಲ್ ಒಳ್ಳೆಯದು. ಕೇರಳದ ಹಳ್ಳಿ ಹಳ್ಳಿಯಲ್ಲಿ ಅವು ಇವೆ, ಮೇಜು-ಬೆಂಚು-ಫ್ಯಾನ್ ಇರುತ್ತವೆ, ಯಾವ ಜಾತಿ-ಮತದವರಿಗೂ ಒಳಬರಲು ಹಿಂಜರಿಕೆ ಇಲ್ಲ. ಕಾರ್ಯದರ್ಶಿಯವರಿಗೆ ಮುಂಚಿತವಾಗಿ ಪತ್ರ ಕೊಡಿ, ವೆಲ್ಡಿಂಗ್, ಗ್ರೈಂಡಿಂಗ್ ಇಲ್ಲವೆಂದು ಅದರಲ್ಲೇ ಬರೆಯಿರಿ. ಅವರ ಮೊದಲ ಭಯ ಪುಸ್ತಕಕ್ಕೆ ಬೆಂಕಿ.

ಚೀಟಿಯ ಒಕ್ಕಣೆ ಹೀಗಿರಲಿ:

"ಮನೆಯಲ್ಲೇ ಮೆಷಿನ್ ತಿದ್ದುವವರು, ಸೋಲ್ಡರಿಂಗ್ ಬರುವವರು, ಕಲಿಯಬೇಕೆನ್ನುವವರು ಬನ್ನಿ. ಆದಿತ್ಯವಾರ ಮಧ್ಯಾಹ್ನ 3ರಿಂದ 5, ಗ್ರಂಥಾಲಯದ ಹಾಲ್. ಅಡಿಕೆ ಅಂಗಳಕ್ಕೆ ಮಳೆಗಂಟೆ ಮಾಡುತ್ತೇವೆ. ಸಾಮಾನಿಗೆ 200 ರೂಪಾಯಿ, ಮಾಡಿದ್ದನ್ನು ಮನೆಗೆ ಕೊಂಡುಹೋಗಬಹುದು. ಕೆಟ್ಟು ಕುಳಿತ ವಸ್ತು ಒಂದಿದ್ದರೆ ತನ್ನಿ."

ಇದರಲ್ಲಿ ದಿನ, ಹೊತ್ತು, ಜಾಗ, ಖರ್ಚು, ಕೈಗೆ ಸಿಗುವ ಫಲ ಎಲ್ಲ ಇವೆ. "ನಾವೀನ್ಯ", "ತಂತ್ರಜ್ಞಾನ ಸಂಗಮ" ಮುಂತಾದ ಪದಗಳಿಲ್ಲ. ಅಂಥ ಪದ ಕಂಡರೆ ಜನ ಭಾಷಣ ಇದೆ ಎಂದುಕೊಂಡು ಬರುವುದಿಲ್ಲ. ಅದೇ ಹಾಳೆಯಲ್ಲಿ ಕೆಳಗೆ ಮಲಯಾಳವೂ ಇರಲಿ. ಎರಡು ಬೇರೆ ಹಾಳೆ ಅಂಟಿಸಿದರೆ ಎರಡು ಬೇರೆ ಕಾರ್ಯಕ್ರಮ ಎಂದು ತಿಳಿಯುತ್ತಾರೆ. ಕೂಟದಲ್ಲಿ ಮಾತು ತುಳುವಿಗೋ ಮಲಯಾಳಕ್ಕೋ ತಾನಾಗಿ ಹರಿಯುತ್ತದೆ, ಬಿಡಿ. ಅಂಟಿಸುವ ಜಾಗ: ಲೇತ್ ಅಂಗಡಿ, ಹಾರ್ಡ್‌ವೇರ್ ಅಂಗಡಿ, ಅಕ್ಷಯ ಕೇಂದ್ರ (ಸರ್ಕಾರಿ ಅರ್ಜಿ-ಸೇವೆಗಳ ಕಂಪ್ಯೂಟರ್ ಕೇಂದ್ರ), ಹಾಲಿನ ಸೊಸೈಟಿ. ಬಸ್‌ಸ್ಟ್ಯಾಂಡಿನಲ್ಲಿ ಅಂಟಿಸಿದ್ದು ಮರುದಿನಕ್ಕೆ ಮತ್ತೊಂದರ ಅಡಿಗೆ ಹೋಗಿರುತ್ತದೆ.

ಮೊದಲ ಕೂಟಕ್ಕೆ ಮಳೆಗಂಟೆ

ಮಳೆಗಂಟೆ ಎಂದರೆ ಹನಿ ಬಿದ್ದ ಕೂಡಲೇ ಕೂಗಿ ಎಚ್ಚರಿಸುವ ಸಣ್ಣ ಸಾಧನ. ಯಾಕೆ ಇದೇ? ಸಿಪ್ಪೆ ಸಹಿತ ಬಿಸಿಲಿಗೆ ಹಾಕುವ ಚಾಲಿ ಅಡಿಕೆ ನಲವತ್ತು ದಿನ ಅಂಗಳದಲ್ಲಿ ಒಣಗಬೇಕು. ನಡುವೆ ಒಂದು ಅಕಾಲ ಮಳೆ ಬಂದು ಯಾರೂ ನೋಡದಿದ್ದರೆ ಬಣ್ಣ ಕೆಟ್ಟು ದರ ಇಳಿಯುತ್ತದೆ. ಹಾಗಾಗಿ ಇದು ಆಟಿಕೆ ಎನಿಸುವುದಿಲ್ಲ. ಎರಡು ಗಂಟೆಯಲ್ಲಿ ಮುಗಿಯುತ್ತದೆ, ಮೈನ್ಸ್ ಕರೆಂಟ್ ಮುಟ್ಟಬೇಕಿಲ್ಲ, ಮತ್ತು ಬಂದವರಿಗೆಲ್ಲ ಒಂದೊಂದು ಕೆಲಸ ಇದೆ: ಒಬ್ಬರು ಸೋಲ್ಡರ್ ಹಿಡಿಯಲಿ, ಒಬ್ಬರು ಡಬ್ಬಿಗೆ ತೂತು ಕೊರೆಯಲಿ, ಪ್ರಿಂಟರ್ ಇದ್ದವರು ಹನಿ ಬೀಳುವ ಫಲಕದ ಹಿಡಿಕೆ ತಂದಿರಲಿ, ವೆಲ್ಡರ್ ಅಣ್ಣ ಕಂಬಿಯ ನಿಲುವು ಮಾಡಿ ತರಲಿ.

ಒಂದಕ್ಕೆ ಬೇಕಾದದ್ದು: ಬಿಸಿ547 ಟ್ರಾನ್ಸಿಸ್ಟರ್ 2, 5 ವೋಲ್ಟಿನ ಆ್ಯಕ್ಟಿವ್ ಬಝರ್ 1, 10 ಕಿಲೊ ಓಮ್ ರೆಸಿಸ್ಟರ್ 1, 100 ಕಿಲೊ ಓಮ್ ಪ್ರಿಸೆಟ್ (ತಿರುಗಿಸಿ ರೋಧ ಬದಲಿಸುವ ಭಾಗ) 1, 1 ಮೈಕ್ರೊಫ್ಯಾರಡ್ ಕೆಪಾಸಿಟರ್ 1, ನಾಲ್ಕು ಪೆನ್ಸಿಲ್ ಸೆಲ್ಲಿನ ಹೋಲ್ಡರ್ ಮತ್ತು ಸೆಲ್ಲು, 5 ಸೆ.ಮೀ. × 7 ಸೆ.ಮೀ. ವೆರೊಬೋರ್ಡ್ (ತಾಮ್ರದ ಪಟ್ಟಿಗಳಿರುವ ತೂತಿನ ಬೋರ್ಡ್) ತುಂಡು, ಜೋಡಣೆಗೆ ಇನ್ನೊಂದು ಸಣ್ಣ ತುಂಡು, 10 ಮೀಟರ್ ಎರಡೆಳೆ ತಂತಿ. ಟ್ರಾನ್ಸಿಸ್ಟರನ್ನು ಐದಾರು ಹೆಚ್ಚಿಗೆ ತನ್ನಿ, ಮೊದಲ ಸಲ ಸೋಲ್ಡರ್ ಹಿಡಿದವರು ಕಾಯಿಸಿ ಸುಡುತ್ತಾರೆ.

ವೆರೊಬೋರ್ಡಿನ ತಾಮ್ರದ ಪಟ್ಟಿಗಳಲ್ಲಿ 1, 3, 5 ಹೀಗೆ ಬೆಸಗಳನ್ನು ಒಂದು ತಂತಿಗೆ, 2, 4, 6 ಹೀಗೆ ಸಮಗಳನ್ನು ಇನ್ನೊಂದಕ್ಕೆ ಸೇರಿಸಿ. ತಾಮ್ರದ ಮೇಲೆಲ್ಲ ತೆಳುವಾಗಿ ಸೋಲ್ಡರಿನ ಲೇಪ ಕೊಡಿ, ಇಲ್ಲವಾದರೆ ಒಂದೇ ಹಂಗಾಮಿಗೆ ಹಸಿರು ಕಿಲುಬು. ಇದು ಫಲಕ. ಅದರ ಒಂದು ತಂತಿ ಬ್ಯಾಟರಿಯ ಪ್ಲಸ್ಸಿಗೆ. ಇನ್ನೊಂದು 10 ಕಿಲೊ ಓಮ್ ಮೂಲಕ ಮೊದಲ ಟ್ರಾನ್ಸಿಸ್ಟರಿನ ಬೇಸಿಗೆ. ಅದೇ ಬೇಸಿನಿಂದ ಮೈನಸ್ಸಿಗೆ ಪ್ರಿಸೆಟ್, ಅದರ ಪಕ್ಕದಲ್ಲೇ ಕೆಪಾಸಿಟರ್. ಮೊದಲ ಟ್ರಾನ್ಸಿಸ್ಟರಿನ ಎಮಿಟರ್ ಎರಡನೆಯದರ ಬೇಸಿಗೆ, ಎರಡನೆಯದರ ಎಮಿಟರ್ ಮೈನಸ್ಸಿಗೆ. ಎರಡರ ಕಲೆಕ್ಟರುಗಳೂ ಸೇರಿ ಬಝರಿನ ಮೈನಸ್ಸಿಗೆ, ಬಝರಿನ ಪ್ಲಸ್ ಬ್ಯಾಟರಿಯ ಪ್ಲಸ್ಸಿಗೆ. ಒಂದೇ ಟ್ರಾನ್ಸಿಸ್ಟರ್ ಸಾಲದೇ ಎಂದರೆ, ಮಳೆನೀರಿನಲ್ಲಿ ಲವಣ ಕಡಿಮೆ, ಅದರ ಮೂಲಕ ಹರಿಯುವ ವಿದ್ಯುತ್ತೂ ಬಹಳ ಕಡಿಮೆ. ಉಪ್ಪುನೀರು ಚಿಮುಕಿಸಿ ಪರೀಕ್ಷಿಸಿದರೆ ಒಂದರಲ್ಲೇ ಕೂಗುತ್ತದೆ, ಮಳೆಗೆ ಕೈಕೊಡುತ್ತದೆ.

ಪ್ರಿಸೆಟ್ ನಡುವಿನಲ್ಲಿದ್ದಾಗ ಫಲಕದ ರೋಧ ಸುಮಾರು 2 ಲಕ್ಷ ಓಮ್‌ಗಿಂತ ಕೆಳಗಿಳಿದರೆ ಗಂಟೆ ಹೊಡೆಯುತ್ತದೆ. ಒದ್ದೆ ಬೆರಳಿಟ್ಟು ನೋಡಿ. ಒಣಗಿದಾಗಲೂ ಕೂಗುತ್ತಿದ್ದರೆ ಪಟ್ಟಿಗಳ ನಡುವೆ ಸೋಲ್ಡರ್ ಸೇತುವೆಯಾಗಿದೆ, ಬ್ಲೇಡಿನಲ್ಲಿ ಗೀರಿ ಬಿಡಿಸಿ. ಏನೂ ಕೂಗದಿದ್ದರೆ ಟ್ರಾನ್ಸಿಸ್ಟರ್ ತಿರುಗಿ ಕೂತಿರಬೇಕು: ಚಪ್ಪಟೆ ಮುಖ ನಿಮ್ಮ ಕಡೆ, ಕಾಲು ಕೆಳಗೆ ಇದ್ದಾಗ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಅದೂ ಸರಿಯಿದ್ದರೆ ಬಝರಿನ ಪ್ಲಸ್-ಮೈನಸ್ ನೋಡಿ. ಪಂಪ್ ಚಾಲೂ ಮಾಡಿದಾಗ ಮಾತ್ರ ಕಿರ್ ಎಂದರೆ ತಂತಿ ಪಂಪಿನ ಲೈನಿನ ಪಕ್ಕದಲ್ಲೇ ಓಡಿದೆ, ದೂರ ಸರಿಸಿ.

ಫಲಕವನ್ನು ಮಟ್ಟವಾಗಿ ಇಡಬೇಡಿ. 20-30 ಡಿಗ್ರಿ ಓರೆಯಾಗಿದ್ದರೆ ನೀರು ಜಾರಿ ಬೇಗ ಒಣಗುತ್ತದೆ. ಡಿಸೆಂಬರ್-ಜನವರಿಯ ಇಬ್ಬನಿಗೆ ಬೆಳಗಿನ ಜಾವ ನಾಲ್ಕಕ್ಕೆ ಕೂಗಿ ಮನೆಯವರನ್ನೆಲ್ಲ ಎಬ್ಬಿಸುವುದು ಇದರ ದೊಡ್ಡ ದೋಷ. ಪ್ರಿಸೆಟ್ಟಿನ ರೋಧ ಇಳಿಸುತ್ತ ಬಂದು ಇಬ್ಬನಿಗೆ ಸುಮ್ಮನಿದ್ದು ಹನಿಗೆ ಕೂಗುವ ಹದಕ್ಕೆ ನಿಲ್ಲಿಸಬೇಕು, ಎರಡು ಮೂರು ರಾತ್ರಿ ಹಿಡಿಯುತ್ತದೆ. ಈ ಹದ ಹಿಡಿಯುವ ಕೆಲಸವೇ ಎರಡನೇ ಕೂಟಕ್ಕೆ ಕಾರಣ ಒದಗಿಸುತ್ತದೆ. ಎಲ್ಲರೂ ಒಂದೊಂದು ದೂರು ಹೊತ್ತು ಬರುತ್ತಾರೆ.

ಯಾವ ತಿಂಗಳು

ಪತ್ತನಾಜೆಯವರೆಗೆ (ಮೇ ಕೊನೆಯ ಹೊತ್ತಿಗೆ ಬರುವ, ಉತ್ಸವಗಳು ಮುಗಿಯುವ ದಿನ) ಕೂಟ ಶುರುಮಾಡುವ ಆಸೆ ಬೇಡ. ಯಕ್ಷಗಾನ ಆಟ, ಭೂತಕೋಲ, ಬ್ರಹ್ಮಕಲಶ, ಮದುವೆ. ಆದಿತ್ಯವಾರ ಯಾರೂ ಖಾಲಿ ಇರುವುದಿಲ್ಲ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಜನ ಮನೆಯಲ್ಲಿರುತ್ತಾರೆ, ಆದರೆ ಕರೆಂಟು ಇರುವುದಿಲ್ಲ. ಸೋಣದಲ್ಲಿ (ಆಗಸ್ಟ್-ಸೆಪ್ಟೆಂಬರ್) ಮಳೆ ತಗ್ಗುವ ಹೊತ್ತಿಗೆ ಮೊದಲ ಕೂಟ ಇಟ್ಟರೆ ದೀಪಾವಳಿಗೆ ಮೊದಲು ನಾಲ್ಕೈದು ಸಲ ಸೇರಲಾಗುತ್ತದೆ, ಅಡಿಕೆ ಅಂಗಳಕ್ಕೆ ಬೀಳುವಾಗ ಗಂಟೆಯೂ ಸಿದ್ಧ. ಹದಿನೈದು ದಿನಕ್ಕೊಮ್ಮೆ ಸಾಕು. ವಾರಕ್ಕೊಮ್ಮೆ ಇಟ್ಟರೆ ಮೂರನೆಯದಕ್ಕೇ ಜನ ಕರಗುತ್ತಾರೆ.

ಮಳೆಗಾಲದಲ್ಲಿ ಪ್ರಿಂಟರ್

ಗುಂಪಿನಲ್ಲಿ ಒಬ್ಬರಲ್ಲಿ ಪ್ರಿಂಟರ್ ಇದೆ ಎಂದಾದ ಕೂಡಲೇ ಎಲ್ಲರೂ ಅವರ ಬೆನ್ನಿಗೆ ಬೀಳುತ್ತಾರೆ, ಆರು ತಿಂಗಳಲ್ಲಿ ಅವರು ಫೋನ್ ಎತ್ತುವುದು ಬಿಡುತ್ತಾರೆ. ಮೊದಲ ದಿನವೇ ದರ ಹೇಳಿಬಿಡಿ. ಪಿಎಲ್‌ಎ ಕಿಲೊಗೆ ಸಾವಿರ ರೂಪಾಯಿಯ ಆಸುಪಾಸು ಎಂದಿಟ್ಟುಕೊಂಡರೆ ಗ್ರಾಂಗೆ ಒಂದು ರೂಪಾಯಿ ಸಾಮಾನಿಗೇ ಹೋಯಿತು. ಕೆಟ್ಟ ಪ್ರಿಂಟ್, ನಾಝಲ್, ಕರೆಂಟ್ ಸೇರಿಸಿ ಗ್ರಾಂಗೆ 3 ರೂಪಾಯಿ ಇಟ್ಟರೆ ಯಾರಿಗೂ ನಷ್ಟವಿಲ್ಲ. ತೂಕವನ್ನು ಪ್ರಿಂಟಿಗೆ ಫೈಲ್ ಸಿದ್ಧಪಡಿಸುವ ಸ್ಲೈಸರ್ ತಂತ್ರಾಂಶವೇ ತೋರಿಸುತ್ತದೆ, ವಾದಕ್ಕೆ ಎಡೆಯಿಲ್ಲ.

ಜೂನಿನಿಂದ ಸೆಪ್ಟೆಂಬರ್ ತನಕ ತೆರೆದಿಟ್ಟ ಸ್ಪೂಲ್ ಗಾಳಿಯ ತೇವ ಹೀರುತ್ತದೆ. ನಾಝಲಿನಲ್ಲಿ ಚಟಚಟ ಸದ್ದು, ತುಂಡಿನ ಮೇಲೆ ಜೇಡನ ಬಲೆಯಂಥ ಎಳೆ, ಬಾಗಿಸಿದರೆ ಪಟ್ಟನೆ ಮುರಿಯುವ ತಂತು ಇದರ ಗುರುತು. ಪಿಎಲ್‌ಎಯನ್ನು 45-50 ಡಿಗ್ರಿಯಲ್ಲಿ ಐದಾರು ಗಂಟೆ, ಪಿಇಟಿಜಿ ಎಂಬ ಇನ್ನೊಂದು ಪ್ಲಾಸ್ಟಿಕ್ಕನ್ನು 65ರಲ್ಲಿ ಅಷ್ಟೇ ಹೊತ್ತು ಒಣಗಿಸಿ, ಸಿಲಿಕಾ ಜೆಲ್ ಹಾಕಿದ ರಬ್ಬರ್ ಅಂಚಿನ ಡಬ್ಬಿಯಲ್ಲಿಡಿ. ಅಡಿಕೆ ಡ್ರೈಯರಿನಲ್ಲಿ ಇಟ್ಟರಾಯಿತು ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಅಲ್ಲಿ ಬಿಸಿ 60 ದಾಟುವುದುಂಟು; ಸ್ಪೂಲಿನ ಸುತ್ತುಗಳು ಒಂದಕ್ಕೊಂದು ಅಂಟಿ ಬೆಲ್ಲದಚ್ಚಿನಂತಾಗುತ್ತದೆ.

ಕರೆಂಟ್ ಹೋಗಿ ಬಂದ ಮೇಲೆ ಬಿಟ್ಟಲ್ಲಿಂದ ಮುಂದುವರಿಸುವ ಸೌಲಭ್ಯ ಹಲವು ಪ್ರಿಂಟರುಗಳಲ್ಲಿದೆ. ಆದರೆ ಅಷ್ಟರಲ್ಲಿ ಬೆಡ್ ತಣಿದು ತುಂಡು ಎದ್ದುಬಂದಿದ್ದರೆ ಆ ಸೌಲಭ್ಯ ಗಾಳಿಯಲ್ಲಿ ಪ್ರಿಂಟ್ ಮಾಡುತ್ತದೆ. ಮಳೆಗಾಲದಲ್ಲಿ ಮೂರು ಗಂಟೆ ಮೀರುವ ತುಂಡನ್ನು ಒಡೆದು ಎರಡಾಗಿ ಮಾಡಿ, ಎಂ3 ಸ್ಕ್ರೂನಲ್ಲಿ ಸೇರಿಸಿ. ಸೇರುವ ಭಾಗಗಳ ನಡುವೆ 0.2ರಿಂದ 0.3 ಮಿ.ಮೀ. ಎಡೆ ಬಿಡಿ, ಪ್ರಿಂಟಾದ ತೂತು ಯಾವಾಗಲೂ ಬರೆದದ್ದಕ್ಕಿಂತ ತುಸು ಸಣ್ಣದೇ.

ವೆಲ್ಡಿಂಗ್ ಕಲಿಯುವ ಕೂಟವನ್ನು ಒಬ್ಬರ ಮನೆಯಂಗಳದಲ್ಲಿ ಇಡುವುದಾದರೆ ಮೊದಲು ವಯರಿಂಗ್ ನೋಡಿ. 2.5 ಮಿ.ಮೀ. ರಾಡಿಗೆ 80 ಆಂಪಿಯರ್ ಇಟ್ಟರೂ ಇನ್ವರ್ಟರ್ ಮೆಷಿನ್ ಮನೆಯ ಲೈನಿನಿಂದ 15 ಆಂಪಿಯರಿನಷ್ಟು ಎಳೆಯುತ್ತದೆ. 5 ಆಂಪಿಯರಿನ ಪ್ಲಗ್ಗಿಗೆ, ತೆಳು ಎಕ್ಸ್‌ಟೆನ್ಶನ್ ವಯರಿಗೆ ಹಾಕಿದರೆ ವಯರು ಬಿಸಿಯೇರುತ್ತದೆ, ವೋಲ್ಟೇಜ್ ಇಳಿದು ರಾಡ್ ಅಂಟಿಕೊಳ್ಳುತ್ತದೆ. ಆಗ ತಪ್ಪು ಕೈಯದ್ದೆಂದು ಕಲಿಯುವವರು ಬೇಸರಪಡುತ್ತಾರೆ. ಸತುವಿನ ಲೇಪವಿರುವ ಜಿಐ ಪೈಪನ್ನು ಹಾಗೇ ಬೆಸೆಯಬೇಡಿ. ಸತುವಿನ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬಂದ ಹಾಗಾಗುತ್ತದೆ. ಬೆಸೆಯುವ ಜಾಗದ ಲೇಪ ಉಜ್ಜಿ ತೆಗೆದು, ಗಾಳಿಯ ಮೇಲ್ಬದಿಗೆ ನಿಂತು ಕೆಲಸ ಮಾಡಿ.

ಗುಂಪು ಒಡೆಯುವ ಜಾಗಗಳು

ಜಗಳ ಹುಟ್ಟುವುದು ಹೆಚ್ಚಾಗಿ ಎರವಲು ಹೋದ ಉಪಕರಣದಿಂದ. ಒಂದು ನೋಟ್‌ಪುಸ್ತಕ ಇಡಿ: ಏನು, ಯಾರು, ಯಾವಾಗ, ಹೋಗುವಾಗ ಹೇಗಿತ್ತು. ಡ್ರಿಲ್ ಬಿಟ್, ಗ್ರೈಂಡರ್ ಡಿಸ್ಕ್, ಸೋಲ್ಡರಿಂಗ್ ಟಿಪ್ ಇವುಗಳನ್ನು ಎರವಲು ಕೊಡುವ ಕ್ರಮವೇ ಬೇಡ, ಅವು ಸವೆಯುವ ವಸ್ತುಗಳು, ಪ್ರತಿಯೊಬ್ಬರೂ ತಮ್ಮದನ್ನು ತರಲಿ. ಗ್ರೈಂಡರನ್ನು ಕಾವಲು ಕಳಚಿ ಬಳಸುವವರಿಗೆ ಎರಡನೇ ಸಲ ಕೊಡಬೇಡಿ, ಸ್ನೇಹಿತರಾದರೂ ಸರಿ. ನಾಲ್ಕಿಂಚಿನ ಗ್ರೈಂಡರ್ ನಿಮಿಷಕ್ಕೆ 11,000 ಸುತ್ತಿನ ಆಸುಪಾಸು ತಿರುಗುತ್ತದೆ, ಒಡೆದ ಡಿಸ್ಕಿಗೆ ಸ್ನೇಹ ಗೊತ್ತಿಲ್ಲ.

ವಾಟ್ಸಾಪ್ ಗುಂಪು ಮಾಡಿದರೆ ಶುಭೋದಯದ ಹೂವಿನಲ್ಲಿ ಮುಳುಗುತ್ತದೆ. ಕಟ್ಟುನಿಟ್ಟಾಗಿ ಒಂದೇ ನಿಯಮ: ಪ್ರಶ್ನೆ ಕೇಳುವವರು ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆದ ಫೋಟೊ ಹಾಕಬೇಕು. ಇಷ್ಟರಿಂದಲೇ ಮುಕ್ಕಾಲು ಗದ್ದಲ ನಿಲ್ಲುತ್ತದೆ.

ಇನ್ನೊಂದು ಬಿರುಕು, ಯಾರದೋ ಮಾದರಿ ಮಾರಾಟಕ್ಕೆ ಹೊರಟಾಗ ಬರುತ್ತದೆ. ಚಿತ್ರ ಬರೆದವರು ಒಬ್ಬರು, ಬೆಸೆದವರು ಒಬ್ಬರು, ತೋಟದಲ್ಲಿ ಪರೀಕ್ಷಿಸಿದವರು ಇನ್ನೊಬ್ಬರು. ಮಾರುವ ಮಾತು ಬರುವ ಮುಂಚೆಯೇ ಯಾರು ಏನು ಮಾಡಿದರು ಎಂದು ದಿನಾಂಕ ಹಾಕಿ ಅದೇ ನೋಟ್‌ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಪೇಟೆಂಟಿನ ಯೋಚನೆ ಇದ್ದರೆ ಮೇಳದಲ್ಲಿ ತೋರಿಸುವ, ವಿಡಿಯೊ ಹಂಚುವ ಮೊದಲೇ ಅರ್ಜಿ ಹಾಕಬೇಕು. ಒಮ್ಮೆ ಬಹಿರಂಗವಾದದ್ದನ್ನು ಹೊಸದೆಂದು ಸಾಧಿಸುವುದು ಕಷ್ಟ.

ಬಿಡಿಭಾಗಕ್ಕೆ ಮಂಗಳೂರು ಕಾಸರಗೋಡಿನಿಂದ ಸುಮಾರು 50 ಕಿ.ಮೀ., ಲೋಕಲ್ ರೈಲಿದೆ. ತಿಂಗಳಿಗೊಬ್ಬರು ಸರದಿಯಲ್ಲಿ ಹೋಗಿ ಎಲ್ಲರ ಪಟ್ಟಿ ತರಲಿ. ಪಟ್ಟಿಯಲ್ಲಿ "ಒಂದು ಬೇರಿಂಗ್" ಎಂದು ಬರೆದು ಕಳಿಸಬೇಡಿ, ನಂಬರ್ ಬರೆಯಿರಿ. ನಂಬರ್ ಸವೆದಿದ್ದರೆ ಹಳೆಯದನ್ನೇ ಕಾಗದದಲ್ಲಿ ಸುತ್ತಿ, ಮೇಲೆ ಹೆಸರು ಬರೆದು ಕೊಡಿ.